ಹುಸಿ ಗುಳಿಗೆಗೂ ವಾಸನೆ ಬೇಕು

ಬೆಳಗಾವಿಯ ಮಳೆಗಾಲದಲ್ಲಿ ಡಬ್ಬಿಯ ಹೊರಗೆ ಬಿಟ್ಟ ಹಪ್ಪಳ ಮಧ್ಯಾಹ್ನದೊಳಗೆ ಮೆತ್ತಗಾಗಿರುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧಿಗೂ ತೇವ ಆಗಿಬರುವುದಿಲ್ಲ. ಕುಡಿತ ಬಿಡಿಸಲು ಅದು ನೆರವಾದೀತೇ ಎಂಬ ಪರೀಕ್ಷೆ ಶುರುವಾಗುವ ಮುಂಚೆ ಒಂದು ದಿನ ತಾಲೀಮು ಇಟ್ಟುಕೊಂಡಿದ್ದೆವು. ಎರಡು ಬಾಟಲಿಗಳ ಮುಚ್ಚಳ ತೆಗೆದದ್ದಷ್ಟೇ. "ಸರ್, ಇದರಾಗ ಕೊಳತ ತತ್ತಿ ವಾಸ್ನಿ ಬರ್ತೈತ್ರಿ, ಅದರಾಗ ಏನೂ ಇಲ್ಲ" ಎಂದರು ಸಿಸ್ಟರ್. ಯಾವುದು ಔಷಧಿ, ಯಾವುದು ಔಷಧಿಯಿಲ್ಲದ ಹುಸಿ ಗುಳಿಗೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಾಗಬಾರದ ಪರೀಕ್ಷೆಯದು. ಮೂಗಿಗೆ ಗೊತ್ತಾಗಿಹೋಗಿತ್ತು.

ಸಿಸ್ಟೀನ್ ಒಂದು ಅಮೈನೋ ಆಮ್ಲ. ವಾಸನೆ ಅದರೊಳಗಿನ ಗಂಧಕದ್ದು. ಕಫ ಕರಗಿಸಲು, ಪ್ಯಾರಾಸಿಟಮಾಲ್ ವಿಪರೀತ ನುಂಗಿದವರನ್ನು ಉಳಿಸಲು ಈ ಔಷಧಿ ಬಹುಕಾಲದಿಂದ ಬಳಕೆಯಲ್ಲಿದೆ. ಬಹಳ ವರ್ಷ ಕುಡಿದವರ ಮಿದುಳಿನಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಏರುಪೇರಾಗಿರುತ್ತದೆ, ಅದು ಹದಕ್ಕೆ ಬಂದರೆ ಕುಡಿಯುವ ಸೆಳೆತ ತಗ್ಗಬಹುದು ಎಂಬುದು ಊಹೆ. ಸದ್ಯಕ್ಕೆ ಊಹೆಯೇ.

ಗಂಧಕಕ್ಕೆ ಉಪಾಯ: ಸಣ್ಣ ತೂತಿನ ಪುಟ್ಟ ಡಬ್ಬಿಯಲ್ಲಿ ಚಿಟಿಕೆ ಔಷಧಿ ಪುಡಿ ಹಾಕಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಎಲ್ಲ ಬಾಟಲಿಗಳಲ್ಲೂ ಇಟ್ಟೆವು. ಈಗ ಎರಡೂ ನಾರುತ್ತವೆ. ಆಮೇಲೆ ತೂಕದ ತಕರಾರು. ಸೆಲ್ಯುಲೋಸ್ ಪುಡಿ ತುಂಬಿದ ಹುಸಿ ಕ್ಯಾಪ್ಸೂಲ್ ಅಂಗೈಯಲ್ಲಿ ಹಗುರ. ಡೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿ ತೂಗಿ ಸರಿಮಾಡಬೇಕಾಯಿತು.

ಲೆಕ್ಕ ಹೀಗೆ: ಒಂದರಲ್ಲಿ 600 ಮಿಲಿಗ್ರಾಂ, ಬೆಳಿಗ್ಗೆ ಎರಡು, ರಾತ್ರಿ ಎರಡು. 14 ದಿನಕ್ಕೆ 56, ಬಸ್ಸು ತಪ್ಪಿಸಿಕೊಂಡವರಿಗೆಂದು ಎರಡು ದಿನದ್ದು ಹೆಚ್ಚುವರಿ 8, ಒಟ್ಟು 64. ಹದಿನೈದನೇ ದಿನ ಬಾಟಲಿಯಲ್ಲಿ 8 ಉಳಿದಿರಬೇಕು. ಆದರೆ ಹಿತ್ತಲಿಗೆ ಎಸೆದವರ ಬಾಟಲಿಯಲ್ಲೂ 8 ಇರಬಹುದು. ಅದಕ್ಕಾಗಿಯೇ ಎರಡೂ ಬಗೆಯ ಕ್ಯಾಪ್ಸೂಲಿಗೆ 25 ಮಿಲಿಗ್ರಾಂ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ಸೇರಿಸುವುದು. ನುಂಗಿದವರ ಮೂತ್ರ ಕತ್ತಲಕೋಣೆಯಲ್ಲಿ ನೇರಳಾತೀತ ದೀಪದಡಿ ಹಸಿರುಹಳದಿಯಾಗಿ ಹೊಳೆಯುತ್ತದೆ.

ತಾಲೀಮಿಗೆ ತಂದ ಮಾದರಿಗಳಲ್ಲಿ ಕ್ಯಾಪ್ಸೂಲ್ ಮುಟ್ಟದವರದೂ ಹೊಳೆಯಿತು! ಕಾರಣ ಕಣ್ಣೆದುರಿಗೇ ಇತ್ತು. ಕುಡಿತ ಬಿಡಲು ಬಂದವರಿಗೆಲ್ಲ ಬಿ-ಕಾಂಪ್ಲೆಕ್ಸ್ ಬರೆಯುವುದು ನಮ್ಮ ಅಭ್ಯಾಸ, ಅದರಲ್ಲೂ ರೈಬೋಫ್ಲೇವಿನ್ ಇರುತ್ತದೆ. ಬಿ1 ಜೀವಸತ್ವವಾದ ಥಯಮಿನ್ ಮಾತ್ರ ತಪ್ಪಿಸುವಂತಿಲ್ಲ, ಅದರ ಕೊರತೆಯಿಂದ ಮಿದುಳಿಗೇ ಪೆಟ್ಟು. ಬಿ-ಕಾಂಪ್ಲೆಕ್ಸ್ ನಿಲ್ಲಿಸಿ 100 ಮಿಲಿಗ್ರಾಂ ಥಯಮಿನ್ ಒಂದನ್ನೇ ಬರೆಯುವುದೆಂದು ಗೊತ್ತುಮಾಡಿದೆವು.

ಇನ್ನು ಕುಡಿದದ್ದರ ಅಳತೆ. "ಸ್ವಲ್ಪ ರೀ" ಎಂಬ ಉತ್ತರದಿಂದ ಏನೂ ಸಿಗದು. ನೈಂಟಿಯೋ ಕ್ವಾರ್ಟರೋ ಎಂದು ಕೇಳಬೇಕು. 42.8 ಪ್ರತಿಶತದ 90 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರ, ಅಂದರೆ 3 ಯೂನಿಟ್, 180ಕ್ಕೆ 6. ಕ್ಯಾಲೆಂಡರ್ ಮುಂದಿಟ್ಟು ನಿನ್ನೆಯಿಂದ ಹಿಂದಕ್ಕೆ, ಪಗಾರ, ಸಂತೆ, ಮದುವೆ ನೆನಪಿಸುತ್ತ 28 ದಿನ ಹೋಗಬೇಕು.

ಇಲ್ಲಿಯೇ ಸಿಕ್ಕಿಬಿದ್ದೆವು. ಆಷಾಢದ ಕೊನೆಯ ಅಮಾವಾಸ್ಯೆ ಕನ್ನಡದ ಮನೆಗಳಿಗೆ ಭೀಮನಮಾಸಿ, ಮರಾಠಿ ಕುಡುಕರಿಗೆ ಗಟಾರಿ. ಅಂದು ಮೂಗಿನವರೆಗೂ ಕುಡಿದವರು ಶ್ರಾವಣ ಹಿಡಿದೊಡನೆ ಮುಟ್ಟುವುದಿಲ್ಲ. ಆಗ ಸೇರಿಸಿಕೊಂಡರೆ ಹುಸಿ ಗುಳಿಗೆಯವರೂ ಒಮ್ಮೆಲೇ ಸುಧಾರಿಸಿದಂತೆ ಕಾಣುತ್ತಾರೆ, ಔಷಧಿಗೆ ತೋರಿಸಲು ಅಂತರವೇ ಉಳಿಯುವುದಿಲ್ಲ. ಗಣಪತಿ ಮುಳುಗಿದ ಮೇಲೆ ಲೆಕ್ಕ ಮತ್ತೆ ತಿರುಗಾಮುರುಗಾ. ಸಿಸ್ಟರ್ ಕ್ಯಾಲೆಂಡರಿನ ಹಾಳೆ ಮಗುಚುತ್ತ ಹೋಗಿ, ದೀಪಾವಳಿ ದಾಟಿದ ಸೋಮವಾರಕ್ಕೆ ಗುಂಡು ಸುತ್ತಿದರು.