ಕಂಪ್ರೆಸರ್ ತರಲು ಪುದುಪೇಟೆಗೆ

ದೆಹಲಿಯವರಿಗೆ ಮಾಯಾಪುರಿ, ಕೋಲ್ಕತ್ತಾದವರಿಗೆ ಮಲ್ಲಿಕ್ ಬಜಾರ್ ಇದ್ದ ಹಾಗೆ ನಮ್ಮ ಕಡೆಯವರಿಗೆ ಚೆನ್ನೈನ ಪುದುಪೇಟೆ, ಹಳೇ ಗಾಡಿಗಳ ಬಿಡಿಭಾಗ ಮಾರುವ ಪೇಟೆ. ಹಳೇ ಗಾಡಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಅಲ್ಲಿಗೆ ಹೋಗಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನು ಅಲ್ಲಿ ಸಿಗುತ್ತದೆ, ಅಥವಾ ಯಾಕೆ ಸಿಗುವುದಿಲ್ಲ ಅಂತ ಹೇಳುವವರಾದರೂ ಸಿಗುತ್ತಾರೆ.

ನನ್ನದು 1983ರ ಮರ್ಸಿಡಿಸ್ 300ಡಿ. ಗಾಡಿ ಹುಚ್ಚಿನವರು ಡಬ್ಲ್ಯೂ123 ಅನ್ನುತ್ತಾರಲ್ಲ, ಅದೇ. 1976ರಿಂದ ಸುಮಾರು ಹತ್ತು ವರ್ಷದಲ್ಲಿ ಈ ಮಾದರಿಯ 27 ಲಕ್ಷದಷ್ಟು ಗಾಡಿ ತಯಾರಾಗಿವೆ. ಐದು ಸಿಲಿಂಡರ್ ಡೀಸೆಲ್, ಕುಕ್ಕಿದರೂ ಸಾಯದ ಇಂಜಿನ್. ಸಕಲೇಶಪುರದ ಹತ್ತಿರ ಎಸ್ಟೇಟಿನವರೊಬ್ಬರ ಶೆಡ್ಡಿನಲ್ಲಿತ್ತು, ಕೊಂಡುಕೊಂಡೆ. ಅಲ್ಲಿ ಓಡಿಸುವಾಗ ಎಲ್ಲ ಚೆನ್ನಾಗಿತ್ತು. ಮಳೆಗಾಲದಲ್ಲಿ ಗಾಡಿ ಒಳಗೆ ಬೆಚ್ಚಗಿರುತ್ತಿತ್ತು, ಎಸ್ಟೇಟಿನವರು ಅದನ್ನೂ ಹೊಗಳಿಕೊಂಡೇ ಮಾರಿದ್ದರು. ಬೆಂಗಳೂರಿಗೆ ತಂದ ಮೇಲೆ, ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ, ಆ ಬೆಚ್ಚಗಿನ ಗುಟ್ಟು ಗೊತ್ತಾಯಿತು. ಎಸಿ ಹಾಕಿದರೂ ಬರುವುದು ಬಿಸಿ ಗಾಳಿಯೇ.

ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಕೂಡ ಹಾಕದೆ, ಬಾನೆಟ್ ಎತ್ತಿ ನೋಡಿ, "ಕಂಪ್ರೆಸರ್ ಹೋಗಿದೆ ಸಾರ್" ಅಂದುಬಿಟ್ಟರು. ಕಂಪ್ರೆಸರ್ ಅಂದರೆ ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಪಂಪು. ನನ್ನ ಗಾಡಿಯಲ್ಲಿರುವುದು ಜನರಲ್ ಮೋಟಾರ್ಸ್‌ನ ಆರ್4 ಕಂಪ್ರೆಸರ್. ಗಿಡ್ಡಗೆ, ಉರುಟಾಗಿ, ಡಬ್ಬಿಯ ಹಾಗಿದೆ. ಸೋರುವುದಕ್ಕೆ ಹೆಸರುವಾಸಿ. ಹಾಗಾಗಿ ಅವರ ಮಾತು ನಂಬುವಂತೆಯೇ ಇತ್ತು. ಮಾರುತಿ ಕಂಪ್ರೆಸರ್‌ಗೆ ಬ್ರಾಕೆಟ್ ಮಾಡಿ ಕೂರಿಸಿಕೊಡ್ತೀನಿ ಅಂತಲೂ ಹೇಳಿದರು. ಅಷ್ಟು ಮಾಡುವುದಾದರೆ ಮಾರುತಿಯನ್ನೇ ಕೊಳ್ಳಬಹುದಲ್ವಾ? ನನಗೆ ಆ ಜುಗಾಡ್ ಆಗಿಬರುವುದಿಲ್ಲ.

ಹೀಗೆ ಬೆಳಿಗ್ಗೆಯ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದೆ. ಬಂಗಾರಪೇಟೆ, ಜೋಲಾರಪೇಟೆ, ಕಾಟ್ಪಾಡಿ ಎಲ್ಲ ನಿದ್ದೆಯಲ್ಲೇ ಕಳೆದವು. ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ಮುಂದಿನ ಸ್ಟೇಷನ್ನೇ ಎಗ್ಮೋರ್. ಅಲ್ಲಿಂದ ಪುದುಪೇಟೆಗೆ ನಡೆದೇ ಹೋಗಬಹುದು. ಆಟೋದವರು ಕೇಳುವ ದುಡ್ಡಿಗೆ ಹೋಲಿಸಿದರೆ ನಡೆಯುವುದೇ ವಾಸಿ, ಬಿಸಿಲು ಎಷ್ಟೇ ಇರಲಿ.

ಪುದುಪೇಟೆ ಇರುವುದು ಕೂವಂ ನದಿಯ ಪಕ್ಕ. ನದಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಆಮೇಲೆ ಗ್ರೀಸ್ ವಾಸನೆ ಅದನ್ನು ಮುಚ್ಚಿಬಿಡುತ್ತದೆ. ರಸ್ತೆಯೇ ಕಪ್ಪು ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಅಂಗಡಿ ಅಂದರೆ ಆರಡಿ ಅಗಲ, ಮೇಲೆ ಬಂಪರ್‌ಗಳ ತೋರಣ. ಒಬ್ಬ ಬರೀ ಬಾಗಿಲು ಮಾರುತ್ತಾನೆ. ಪಕ್ಕದವನ ಹತ್ತಿರ ಬರೀ ಸ್ಪೀಡೋಮೀಟರ್. ಇನ್ನೊಬ್ಬ ಸ್ಟೀರಿಂಗ್‌ಗಳನ್ನು ಗೋಡೆ ತುಂಬಾ ಮೊಳೆ ಹೊಡೆದು ನೇತುಹಾಕಿದ್ದ. ಫುಟ್‌ಪಾತ್ ಮೇಲೆ ಒಬ್ಬ ಹುಡುಗ ಅಂಬಾಸಿಡರ್ ಬಾಗಿಲನ್ನು ಉಳಿ ಸುತ್ತಿಗೆಯಿಂದ ಬಿಚ್ಚುತ್ತಿದ್ದ. ಗಾಜು ಒಡೆಯದ ಹಾಗೆ ಮೊಣಕಾಲಲ್ಲಿ ಒತ್ತಿ ಹಿಡಿದುಕೊಂಡು, ಒಂದು ಸ್ಕ್ರೂ ಕೂಡ ಕೆಳಗೆ ಬೀಳದಂತೆ ಬಾಯಲ್ಲಿಟ್ಟುಕೊಳ್ಳುತ್ತಿದ್ದ. ನಾನು ಹತ್ತು ನಿಮಿಷ ಸುಮ್ನೆ ನಿಂತು ನೋಡಿದೆ.

ಈಗ ಒಂದು ಕಿವಿಮಾತು. ಹೊಟ್ಟೆಯುರಿ ಇನ್ನೂ ಆರಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅಲ್ಲಿ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಒಂದು ಅಂಗಡಿಯವರು "ಆರ್4 ಗೋಡೌನ್‌ನಲ್ಲಿದೆ, 14,000 ಆಗುತ್ತೆ, 2,000 ಕೊಟ್ಟರೆ ಈಗಲೇ ತರಿಸ್ತೀನಿ" ಅಂದರು. ಒಂದೂವರೆ ಗಂಟೆ ಕಾದ ಮೇಲೆ ಬಂತು. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರು, ಕೈಗೆ ಇನ್ನೂ ಅಂಟುತ್ತಿತ್ತು. ಆರ್4 ನಿಜ. ಆದರೆ ಪುಲ್ಲಿ, ಅಂದರೆ ಬೆಲ್ಟ್ ಕೂರುವ ಚಕ್ರ, ನೋಡಿದರೆ ಸಣ್ಣ ಸಣ್ಣ ಗೀರುಗಳಿರುವ ಚಪ್ಪಟೆ ಬೆಲ್ಟಿನದು. ನನ್ನ ಗಾಡಿಗೆ ಬೇಕಾದದ್ದು ವಿ-ಬೆಲ್ಟಿನ ಪುಲ್ಲಿ. ಬೇರೆ ಯಾವುದೋ ಗಾಡಿಯಿಂದ ಬಿಚ್ಚಿದ್ದು. "ಪುಲ್ಲಿ ತಾನೇ ಸಾರ್, ಚೇಂಜ್ ಮಾಡ್ಕೊಳಿ" ಅಂದರು. ದುಡ್ಡು ವಾಪಸ್ ಕೇಳಿದರೆ, ವಾಪಸ್ ಕೊಡುವ ಪದ್ಧತಿಯೇ ಇಲ್ಲವಂತೆ, ಬೇರೆ ಏನಾದರೂ ತಗೋಬೇಕಂತೆ. ಕೊನೆಗೆ ಒಂದು ಜೊತೆ ಹಾರ್ನ್ ಕೈಗಿಟ್ಟರು. ಅವು ಈಗಲೂ ನಮ್ಮ ಅಟ್ಟದ ಮೇಲಿವೆ.

ಹಳೇ ಕಂಪ್ರೆಸರ್ ಕೊಳ್ಳುವುದೇ ಆದರೆ ಮೊದಲು ಪುಲ್ಲಿ ನೋಡಿ. ಆಮೇಲೆ ಮುಂದಿನ ಹಬ್ ಕೈಯಲ್ಲಿ ತಿರುಗಿಸಿ. ಗರಗರ ಅನ್ನಬಾರದು, ತಡೆಯೇ ಇಲ್ಲದೆ ಸಡಿಲವಾಗಿಯೂ ತಿರುಗಬಾರದು. ಮಲ್ಟಿಮೀಟರ್ ಇದ್ದರೆ ಕ್ಲಚ್ ಕಾಯಿಲ್ ನೋಡಿ, ಮೂರ್ನಾಲ್ಕು ಓಮ್ ತೋರಿಸಬೇಕು. ಡ್ರೈಯರ್, ಅಂದರೆ ಎಸಿ ಗ್ಯಾಸಿನ ತೇವ ಹೀರುವ ಡಬ್ಬಿ, ಅದನ್ನು ಮಾತ್ರ ಹಳೆಯದು ಕೊಳ್ಳಲೇಬೇಡಿ. ಅದರ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಗಾಳಿಯ ತೇವ ಎಲ್ಲ ಹೀರಿಕೊಂಡು ಕೆಟ್ಟಿರುತ್ತದೆ.

ಹಾರ್ನ್ ಚೀಲ ಹಿಡಿದು, ಬೈದುಕೊಳ್ಳುತ್ತಾ ಒಂದು ಓಣಿ ಒಳಗೆ ಹೋದೆ. ಕೊನೆಯಲ್ಲಿ ಒಂದು ಅಂಗಡಿ. ಬರೀ ಎಸಿ ಸಾಮಾನು. ಕಾಯಿಲ್‌ಗಳು, ಬ್ಲೋವರ್‌ಗಳು, ಡ್ಯಾಶ್‌ಬೋರ್ಡಿನ ಜಾಲರಿಗಳು. ಲುಂಗಿ, ಬನಿಯನ್ ಹಾಕಿಕೊಂಡ ವಯಸ್ಸಾದವರೊಬ್ಬರು ಸ್ಟೂಲ್ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನ್ನ ಹರಕುಮುರುಕು ತಮಿಳು ಕೇಳಿದ್ದೇ, "ಬೆಂಗಳೂರಾ? ಕನ್ನಡದಲ್ಲೇ ಹೇಳು ತಂಬಿ" ಅಂದರು. ವಯಸ್ಸಿನಲ್ಲಿ ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದರಂತೆ.

"ಆರ್4 ಇದೆಯಾ ಅಯ್ಯಾ? 123 ಬೆಂಜ್‌ಗೆ."

"ಇದೆ. ಯಾಕೆ ಬೇಕು?"

"ಎಸಿ ತಣ್ಣಗಾಗ್ತಿಲ್ಲ."

ಪೇಪರ್ ಮಡಚಿಟ್ಟರು. "ತಣ್ಣಗಾಗ್ತಿಲ್ವಾ, ಬಿಸಿ ಬರ್ತಿದ್ಯಾ? ಎರಡೂ ಬೇರೆ."

ಬಿಸಿ ಅಂದೆ. ಎಷ್ಟು ಬಿಸಿ, ಹೊರಗಿನ ಗಾಳಿಯಷ್ಟಾ, ಅದಕ್ಕಿಂತ ಜಾಸ್ತಿನಾ? ಜಾಸ್ತಿ. ಗಾಡಿ ಶುರು ಮಾಡಿದ ತಕ್ಷಣವಾ, ಇಂಜಿನ್ ಬಿಸಿಯಾದ ಮೇಲಾ? ಯೋಚಿಸಿದೆ. ಇಂಜಿನ್ ಬಿಸಿಯಾದ ಮೇಲೆ. ಮೊದಲ ಐದು ನಿಮಿಷ ತಣ್ಣಗೇ ಬರುತ್ತದೆ.

"ಗಾಡಿ ಎಲ್ಲಿದೆ?"

"ಬೆಂಗಳೂರಲ್ಲಿ."

"ಮನೇಲಿ ಯಾರಿದಾರೆ? ಫೋನ್ ಹಾಕು."

ತಮ್ಮನಿಗೆ ಫೋನ್ ಹಾಕಿ ಸ್ಪೀಕರ್‌ಗೆ ಬಿಟ್ಟೆ. ಅವನು ಊಟದ ಮಧ್ಯೆ ಎದ್ದು ಬಂದು, ಬಾನೆಟ್ ಎತ್ತಿ, ಗಾಡಿ ಶುರು ಮಾಡಿ, ಎಸಿ ಹಾಕಿದ. ಇಂಜಿನ್ ಬಿಸಿಯಾಗುವ ತನಕ ಮುದುಕರು ನನಗೆ ಕಾಫಿ ತರಿಸಿದರು. ಸ್ಟೀಲ್ ಲೋಟ, ಡಬರ, ಡಿಕಾಕ್ಷನ್ ಗಟ್ಟಿಯಾಗಿತ್ತು. ಚೆನ್ನೈನ ಕಾಫಿ ಬಗ್ಗೆ ನಾವು ಸುಮ್ನೆ ಜಂಬ ಮಾಡುತ್ತೇವೆ, ಅದು ನಮ್ಮ ಚಿಕ್ಕಮಗಳೂರಿನ ಬೀಜ ಅಂತ. ಮಾಡುವ ಕೈ ಅವರದ್ದೇ.

"ತಂಬಿ, ಕಂಪ್ರೆಸರ್‌ಗೆ ಎರಡು ಪೈಪ್ ಬರುತ್ತೆ. ದಪ್ಪದ್ದನ್ನು ಮುಟ್ಟು. ಬೆಲ್ಟ್ ಹತ್ತಿರ ಕೈ ತಗೊಂಡು ಹೋಗ್ಬೇಡ."

"ತಣ್ಣಗಿದೆ ತಾತ. ನೀರು ಬೆವರ್ತಾ ಇದೆ," ಫೋನಿನಿಂದ ತಮ್ಮ.

ಮುದುಕರು ನನ್ನ ಕಡೆ ನೋಡಿದರು. "ಕಂಪ್ರೆಸರ್ ಚೆನ್ನಾಗಿದೆ. ಗ್ಯಾಸೂ ಇದೆ." ಮತ್ತೆ ಫೋನಿಗೆ: "ಈಗ ಗಾಡಿ ಒಳಗೆ ನೀರು ಹೋಗೋ ರಬ್ಬರ್ ಪೈಪ್, ಹೀಟರ್‌ದು. ಅದಕ್ಕೆ ಬಟ್ಟೆ ಸುತ್ತಿ ವೈಸ್ ಗ್ರಿಪ್‌ನಲ್ಲಿ ಒತ್ತಿ ಹಿಡಿ. ಬಟ್ಟೆ ಇಲ್ಲದೆ ಹಿಡಿದ್ರೆ ಪೈಪ್ ಸೀಳುತ್ತೆ, ಬಿಸಿ ನೀರು ಮುಖಕ್ಕೆ ಹಾರುತ್ತೆ."

ಸ್ವಲ್ಪ ಹೊತ್ತು ಇಂಜಿನ್ ಗಟಗಟ ಶಬ್ದ ಮಾತ್ರ. ನನ್ನ ಕಾಫಿ ಮುಗಿಯಿತು. ಆಮೇಲೆ ತಮ್ಮನ ದನಿ, ಒಂದು ಪಟ್ಟು ಜೋರಾಗಿ: "ಅಣ್ಣಾ! ಕೊರೀತಾ ಇದೆ ಮಾರಾಯ!"

ಆ ಕ್ಷಣದ ಖುಷಿ ಹೇಗೆ ಬರೆಯಲಿ. ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ ನಿಂತ ಗಾಡಿಯ ರೋಗವನ್ನು, ಕಣ್ಣಲ್ಲಿ ನೋಡದೆ, ಸ್ಟೂಲ್ ಮೇಲೆ ಕೂತು ಹಿಡಿದುಬಿಟ್ಟರು.

ಆಮೇಲೆ ವಿವರಿಸಿದರು. ಈ ಗಾಡಿಯಲ್ಲಿ ಹೀಟರ್‌ಗೆ ಹೋಗುವ ಬಿಸಿ ನೀರನ್ನು ತಡೆಯುವುದಕ್ಕೆ ಒಂದು ವಾಲ್ವ್ ಇದೆ, ಮೋನೋವಾಲ್ವ್ ಅನ್ನುತ್ತಾರೆ. ಒಳಗೆ ಒಂದು ರಬ್ಬರ್ ಡಯಾಫ್ರಮ್, ಅಂದರೆ ತೆಳು ಪೊರೆ. ಕರೆಂಟ್ ಬಂದರೆ ಮುಚ್ಚುತ್ತದೆ, ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆ. ಯಾಕೆ ಹೀಗೆ ಉಲ್ಟಾ ಅಂದೆ. "ಮಾಡಿದವರು ಜರ್ಮನಿಯವರು ತಂಬಿ. ಹಿಮದಲ್ಲಿ ವೈರ್ ಕಿತ್ತುಹೋದ್ರೆ ಒಳಗೆ ಕೂತವರು ಚಳೀಲಿ ಸಾಯಬಾರದು ಅಲ್ವಾ? ಮದರಾಸಿನಲ್ಲಿ ಕೂತವರ ಬಗ್ಗೆ ಅವರಿಗೇನು ಗೊತ್ತು?" ರಬ್ಬರ್ ಹರಿದರೆ ಕರೆಂಟ್ ಇದ್ದರೂ ನೀರು ನುಗ್ಗುತ್ತದೆ. ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಕಾಯಿಸಿ ಕಳಿಸುತ್ತದೆ. ಸಕಲೇಶಪುರದಲ್ಲಿ ಅದು ಸುಖ, ಸಿಲ್ಕ್ ಬೋರ್ಡಿನಲ್ಲಿ ಶಿಕ್ಷೆ.

ಮೇಜಿನ ಕೆಳಗಿನ ತಗಡಿನ ಡಬ್ಬದಿಂದ ಹಳೇ ಮೋನೋವಾಲ್ವ್‌ಗಳನ್ನು ಸುರಿದರು. ಮೇಲಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನ ಭಾಗ ಇಡಿಯಾಗಿ ಈಚೆ ಬರುತ್ತದೆ. ಮೊದಲನೆಯದರ ರಬ್ಬರ್ ಹರಿದಿತ್ತು. ಎರಡನೆಯದನ್ನು ಬೆರಳಲ್ಲಿ ಒತ್ತಿದರೆ ಗಟ್ಟಿ, ಬಿಸಾಡಿದರು. ಮತ್ತೊಂದನ್ನು ಬೆಳಕಿಗೆ ಹಿಡಿದು, ಅಂಚು ಪೂರ್ತಿ ಎಳೆದು ನೋಡಿ, ನನ್ನ ಕೈಗಿಟ್ಟರು. ಮೆತ್ತಗಿತ್ತು, ಎಲ್ಲೂ ಸೀಳಿಲ್ಲ.

"1,800."

ಇಷ್ಟು ಚಿಕ್ಕ ರಬ್ಬರಿಗಾ ಅಂತ ಚೌಕಾಸಿಗೆ ಇಳಿದೆ. "ಹದಿನಾಲ್ಕು ಸಾವಿರ ಉಳಿಸಿದೀನಿ. ಒಂದು ಪೈಸೆ ಕಮ್ಮಿ ಇಲ್ಲ." ಕೊಟ್ಟೆ. ಹಾರ್ನ್ ಚೀಲ ನೋಡಿ ಯಾವ ಅಂಗಡಿ ಅಂತ ಕೇಳಿದರು. ಹೇಳಿದೆ. ನಕ್ಕರು, ಏನೂ ಹೇಳಲಿಲ್ಲ.

ಗ್ಯಾಸ್ ಬಗ್ಗೆಯೂ ಮಾತು ಬಂತು. ನನ್ನ ಗಾಡಿ ಹುಟ್ಟಿದಾಗ ಎಲ್ಲರ ಎಸಿಯಲ್ಲೂ ಆರ್12 ಅನ್ನುವ ಗ್ಯಾಸ್. ಓಝೋನ್ ಪದರ ಹಾಳು ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದಕ್ಕೆ ಕಡಿವಾಣ ಬಿತ್ತು. ನಮ್ಮ ದೇಶದಲ್ಲೂ ಅದರ ತಯಾರಿಕೆ ನಿಂತು ವರ್ಷಗಳೇ ಆದವು. ಈಗ ಆರ್12 ಅಂತ ಯಾರಾದರೂ ತುಂಬಿಸಿಕೊಟ್ಟರೆ ಅದು ಬೆಂಕಿ ಹತ್ತುವ, ಅಡುಗೆ ಗ್ಯಾಸಿನ ಜಾತಿಯದ್ದೇ ಇರಬಹುದು ಅಂದರು. ಅದರ ಬದಲಿಗೆ ಬಂದ ಆರ್134ಎ ಗ್ಯಾಸಿಗೆ ಬದಲಾಯಿಸಿದರೆ ಎಣ್ಣೆಯನ್ನೂ ಬದಲಾಯಿಸಬೇಕು. ಹಳೇ ಮಿನರಲ್ ಎಣ್ಣೆ ಆ ಗ್ಯಾಸಿನ ಜೊತೆ ಬೆರೆಯುವುದಿಲ್ಲ, ಕಂಪ್ರೆಸರ್‌ಗೆ ವಾಪಸ್ ಬರುವುದೂ ಇಲ್ಲ. ಡ್ರೈಯರ್, ಓ-ರಿಂಗ್ ಎಲ್ಲ ಅದಕ್ಕೆ ಹೊಂದುವಂಥವು ಬೇಕು.

ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದರು: "ಕೀ ತೆಗೆದ ಮೇಲೂ ಇಂಜಿನ್ ಸ್ವಲ್ಪ ಹೊತ್ತು ಓಡುತ್ತಾ?"

ಓಡುತ್ತದೆ! ಅದೂ ಹೇಗೆ ಗೊತ್ತಾಯಿತು? ಈ ಡೀಸೆಲ್ ಗಾಡಿಯಲ್ಲಿ ಇಂಜಿನ್ ನಿಲ್ಲಿಸುವುದು, ಬಾಗಿಲು ಲಾಕ್ ಮಾಡುವುದು, ಎಸಿ ಗಾಳಿಯ ಮುಚ್ಚಳಗಳನ್ನು ತಿರುಗಿಸುವುದು ಎಲ್ಲವೂ ವ್ಯಾಕ್ಯೂಮ್‌ನಿಂದಲೇ, ಅಂದರೆ ಸಣ್ಣ ಪೈಪುಗಳಲ್ಲಿ ಗಾಳಿ ಎಳೆಯುವ ಬಲದಿಂದ. ಎಲ್ಲೋ ಒಂದು ಕಡೆ ಸೋರಿದರೂ ಎಲ್ಲದಕ್ಕೂ ತೊಂದರೆ. ವ್ಯಾಕ್ಯೂಮ್ ಸಾಲದಿದ್ದರೆ ಗಾಳಿ ಮುಂದಿನ ಗಾಜಿನ ಕಡೆಗೆ ಹೋಗಿಬಿಡುತ್ತದೆ.

ಮಾರನೇ ದಿನ ಮಹಾಬಲಿಪುರಕ್ಕೆ ಹೋಗಿದ್ದೆ. ಚೆನ್ನಾಗಿದೆ, ಎಲ್ಲರಿಗೂ ಗೊತ್ತಿರುವುದೇ.

ಊರಿಗೆ ಬಂದು ಡಯಾಫ್ರಮ್ ಹಾಕಲು ಅರ್ಧ ಗಂಟೆ ಸಾಕಾಯಿತು. ಈಗ ಗಾಳಿ ತಣ್ಣಗೆ ಬರುತ್ತದೆ. ಆದರೆ ಮುದುಕರು ಹೇಳಿದ ಹಾಗೆ ಅರ್ಧ ಗಾಳಿ ಗಾಜಿಗೇ ಹೊಡೆಯುತ್ತಿದೆ. ಫೋನ್ ಮಾಡಿದರೆ, ಡ್ಯಾಶ್‌ಬೋರ್ಡ್ ಬಿಚ್ಚಿ, ಗಾಳಿಯ ಮುಚ್ಚಳ ತಿರುಗಿಸುವ ವ್ಯಾಕ್ಯೂಮ್ ಪಾಡ್‌ಗಳಲ್ಲಿ ಹರಿದದ್ದು ಯಾವುದು ಅಂತ ನೋಡಿ, ಅದನ್ನೇ ಸ್ಯಾಂಪಲ್ ತಗೊಂಡು ಬಾ ಅಂದರು. ಹಾರ್ನ್ ಬೇಕಾದವರಿದ್ದರೆ ಹೇಳಿ, ಹೊಸದರ ಹಾಗೇ ಇವೆ.