ಸ್ಲಿಪ್ಪಿನಲ್ಲಿ ಕಟ್ ಆಗುವ ದುಡ್ಡು
ನಮ್ಮ ಗಾರ್ಮೆಂಟ್ಸ್ ಲೈನಿನಲ್ಲಿ ಕಾಲರ್ ಹೊಲಿಯುವ ಅಕ್ಕನಿಗೆ ಜಾಂಡೀಸ್. ಹಳದಿ ಕಣ್ಣಲ್ಲೇ ಮಿಷನ್ ಮುಂದೆ ಕೂತಿದ್ದರು. "ರಜೆ ಹಾಕಿದ್ರೆ ಬಾಡಿಗೆ ಯಾರು ಕಟ್ತಾರೆ ಮೇಡಂ?" ಅಂದರು.

ಪ್ರತಿ ತಿಂಗಳು ಅವರ ಸಂಬಳದಲ್ಲಿ ಶೇ. 0.75 ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಗೆ, ಕಟ್ ಆಗುತ್ತದೆ. ಕಂತು ಸರಿಯಾಗಿ ಹೋಗಿದ್ದರೆ, ಡಾಕ್ಟರ್ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಟಾರ್ಗೆಟ್ ಮಾತ್ರ ಗಂಟೆಗೊಮ್ಮೆ ಬೋರ್ಡಿನಲ್ಲಿ ಬರೆಯುತ್ತಾರೆ! ಧೈರ್ಯ ಹೇಳೋರು ಜಾಸ್ತಿ, ಫಾರಂ ತುಂಬಿಕೊಡೋರು ಕಮ್ಮಿ ಅಲ್ವಾ?

ಇವತ್ತು ಅವರನ್ನು ಇಎಸ್‌ಐ ಡಿಸ್ಪೆನ್ಸರಿಗೆ ಕಳಿಸಿದೆ. ಕಾಲರ್‌ಗೆ ಹೊಸ ಹುಡುಗಿ ಕೂತಿದ್ದಾಳೆ. ಪೀಸ್ ಕಮ್ಮಿ ಬರುತ್ತದೆ, ಬರಲಿ. ಮ್ಯಾನೇಜರ್ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ.