ಹಾಸ್ಟೆಲ್ ಕಾರಿಡಾರಿನ ನಡಿಗೆ

2004ರಲ್ಲಿ ಹಾಸನದಿಂದ ಬಂದು ಈ ಕಾಲೇಜು ಸೇರಿದಾಗ ನಾನು ಬೆನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ. 'ಇವಳಿಗೆ ಎಲ್ಲಿಂದ ಗಂಡು ಹುಡುಕ್ತೀರಿ' ಅಂತ ಊರಲ್ಲಿ ಅಮ್ಮನ ಮುಂದೆಯೇ ಕೇಳೋರು.

ಅಪ್ಪನಿಗೆ ಬ್ಯಾಡ್ಮಿಂಟನ್ ಅಂದ್ರೆ ಪ್ರಾಣ. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದಾಗಿನ ಪೇಪರ್ ಕಟಿಂಗ್ ನಮ್ಮನೆ ಬೀರುವಿನಲ್ಲಿ ಇವತ್ತಿಗೂ ಇದೆ.

ನಾವು ಕಾಲೇಜು ಸೇರಿದ ವರ್ಷವೇ ಪ್ರಕಾಶ್ ಅವರ ಮಗಳು ದೀಪಿಕಾ, ಫ್ಯಾಷನ್ ಗುರು ಪ್ರಸಾದ್ ಬಿದ್ದಪ್ಪ ಅವರ ಗರಡಿಯಲ್ಲಿ ಪೂರ್ತಿಯಾಗಿ ಮಾಡೆಲಿಂಗಿಗೆ ಇಳಿದಿದ್ದರು. ಮುಂಜಾನೆ 5ಕ್ಕೆ ಎದ್ದು ವ್ಯಾಯಾಮ, ಸ್ಕೂಲು, ಸಂಜೆ ಮತ್ತೆ ಆಟ ಅಂತ ಬೆಳೆದು, ರಾಷ್ಟ್ರಮಟ್ಟದ ಪಂದ್ಯಗಳನ್ನೂ ಆಡಿದ ಹುಡುಗಿ ಹತ್ತನೇ ಕ್ಲಾಸಿನಲ್ಲೇ ತನ್ನ ದಾರಿ ಬೇರೆ ಅಂತ ತೀರ್ಮಾನ ಮಾಡಿದ್ದರಂತೆ. ನಮ್ಮಪ್ಪನಿಗೆ ಇದನ್ನು ನಂಬೋಕೇ ಆಗಲಿಲ್ಲ. 'ಅಂಥ ಮನೇಲಿ ಹುಟ್ಟಿ ರಾಕೆಟ್ ಬಿಡೋದಾ' ಅಂತ ಫೋನಿನಲ್ಲಿ ತುಂಬ ಹೊತ್ತು ಬೇಜಾರು ಮಾಡಿಕೊಂಡಿದ್ದರು.

ದೀಪಿಕಾ ಇದ್ದ ಲಿರಿಲ್ ಸೋಪಿನ ಜಾಹೀರಾತು ಬಂದರೆ ಹಾಸ್ಟೆಲಿನ ಟಿವಿ ರೂಮಲ್ಲಿ ಮಾತೇ ನಿಲ್ಲುತ್ತಿತ್ತು. 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ ಸುನೀತ್ ವರ್ಮಾ ವಿನ್ಯಾಸದ ಉಡುಪಿನಲ್ಲಿ ಅವರು ಮೊದಲ ಸಲ ರ್‍ಯಾಂಪ್ ಹತ್ತಿದರು, ಕಿಂಗ್‌ಫಿಷರ್ ಫ್ಯಾಷನ್ ಅವಾರ್ಡ್ಸ್‌ನಲ್ಲಿ ವರ್ಷದ ಮಾಡೆಲ್ ಆದರು, 2006ರಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರಿನಲ್ಲೂ ಬಂದರು, ಅದೇ ವರ್ಷ ಉಪೇಂದ್ರ ಜೊತೆ 'ಐಶ್ವರ್ಯ' ಸಿನಿಮಾ. ಎಷ್ಟು ಬೇಗ, ಅಲ್ವಾ? ಆದರೆ ಕೆಲಸದ ಓಡಾಟದಲ್ಲಿ ಅವರ ಪದವಿ ಓದು ಅರ್ಧಕ್ಕೇ ನಿಂತಿತು. ಅಷ್ಟು ಬಿಟ್ಟುಕೊಟ್ಟೇ ಅಲ್ಲಿಗೆ ಹೋಗಿದ್ದು.

ಆ ವರ್ಷದ ಫೆಸ್ಟ್‌ನ ಫ್ಯಾಷನ್ ಶೋಗೆ ಸೀನಿಯರ್ ಅಕ್ಕ ಒಬ್ಬರು ನನ್ನ ಹೆಸರು ಬರೆಸಿಬಿಟ್ಟರು. ರಾತ್ರಿ ಊಟ ಆದಮೇಲೆ ಹಾಸ್ಟೆಲ್ ಕಾರಿಡಾರಿನಲ್ಲಿ ಪ್ರಾಕ್ಟೀಸ್. ಹೊರಗಿಂದ ನೋಡಿದರೆ ಸುಮ್ನೆ ನಡೆಯೋದು ಅಷ್ಟೇ ಅನ್ನಿಸುತ್ತೆ. ಹೈಹೀಲ್ಸ್ ಹಾಕಿ, ಕೆಳಗೆ ನೋಡದೆ, ಭುಜ ಅಲುಗಾಡಿಸದೆ, ಹಾಡಿನ ತಾಳಕ್ಕೆ ಹೆಜ್ಜೆ ಇಟ್ಟು, ತುದಿಯಲ್ಲಿ ಒಂದು ಕ್ಷಣ ನಿಂತು ತಿರುಗಬೇಕು. ಒಳಗೆ ಹೋದ ತಕ್ಷಣ ಇನ್ನೊಂದು ಬಟ್ಟೆ ಹಾಕಿಕೊಂಡು ಏನೂ ಆಗಿಲ್ಲವೆಂಬಂತೆ ಮತ್ತೆ ಬರಬೇಕು. ಹಿಮ್ಮಡಿ ಸುಲಿದು ರಕ್ತ ಬರುತ್ತಿತ್ತು. ಬೆನ್ನು ಮಾತ್ರ ನೆಟ್ಟಗಾಯಿತು. ಈ ಕಾಲೇಜು ನನಗೆ ಕೊಟ್ಟಿದ್ದರಲ್ಲಿ ಅದೇ ಜಾಸ್ತಿ ಅಂತ ಈಗಲೂ ಅನ್ನಿಸುತ್ತೆ.

ಅಪ್ಪನಿಗೆ ಹೆದರಿಕೊಂಡೇ ಫೋನ್ ಮಾಡಿದೆ. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, 'ಪ್ರಕಾಶ್ ಅವರೇ ಮಗಳನ್ನ ತಡೀಲಿಲ್ಲ, ನಾನ್ಯಾರು' ಅಂದರು.

ಶೋ ದಿನ ಹಾಸನದ ಬಸ್ ಹಿಡಿದು ಬಂದು ಕೊನೇ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಕಾಫಿ ಕುಡಿಯುತ್ತಾ ನನ್ನ ಕಾಲನ್ನೇ ನೋಡುತ್ತಿದ್ದರು.

'ಫುಟ್‌ವರ್ಕ್ ಚೆನ್ನಾಗಿತ್ತು ಕಣಮ್ಮ' ಅಂದರು.